ಗಾಳಿಯಂತ್ರದ ರೆಕ್ಕೆ: ಮಳೆ, ಸಿಡಿಲು, ಬಿಸಿಲಿಗೆ ಮೊದಲು ಮಾಡಬೇಕಾದ್ದು, ಮಾಡಬಾರದ್ದು

ಚಿತ್ರದುರ್ಗದ ಜೋಗಿಮಟ್ಟಿ, ಗದಗದ ಕಪ್ಪತಗುಡ್ಡದ ಸಾಲು, ದಾವಣಗೆರೆ, ಕೊಪ್ಪಳ, ಬಳ್ಳಾರಿ, ವಿಜಯಪುರದ ಬಯಲು. ಇಲ್ಲೆಲ್ಲ ಗಾಳಿಯಂತ್ರ ನಡೆಸುವ ಮಾಲೀಕರಿಗೆ, ಸೈಟ್ ಇಂಜಿನಿಯರ್‌ಗಳಿಗೆ, ಟವರ್ ಹತ್ತುವ ಟೆಕ್ನಿಷಿಯನ್‌ಗಳಿಗೆ, ಯಂತ್ರ ನಿಂತಿರುವ ಹೊಲದವರಿಗೆ ಈ ಸೂಚನೆ.

ಗೇರ್‌ಬಾಕ್ಸ್ ಸದ್ದು ಮಾಡಿದರೆ ಎಲ್ಲರೂ ಓಡಿ ಬರುತ್ತಾರೆ. ಜನರೇಟರ್ ಬಿಸಿಯಾದರೆ ಕಂಟ್ರೋಲ್ ರೂಮಿನಲ್ಲಿ ಅಲಾರಂ ಹೊಡೆದುಕೊಳ್ಳುತ್ತದೆ. ರೆಕ್ಕೆ ಸವೆದರೆ ಬಹುತೇಕ ಯಂತ್ರಗಳಲ್ಲಿ ಯಾವ ಅಲಾರಮ್ಮೂ ಇಲ್ಲ. ತಿಂಗಳಿಂದ ತಿಂಗಳಿಗೆ ಯುನಿಟ್ ಇಳಿಯುತ್ತದೆ, ನಾವು "ಈ ವರ್ಷ ಗಾಳಿ ಕಮ್ಮಿ" ಎಂದು ಸಮಾಧಾನ ಹೇಳಿಕೊಳ್ಳುತ್ತೇವೆ. ಕೈಯಗಲದ ಗಾಯವನ್ನು ಹಗ್ಗದ ಮೇಲೆ ಕುಳಿತು ಒಂದೆರಡು ದಿನದಲ್ಲಿ ಮುಚ್ಚಬಹುದಿತ್ತು. ಅದನ್ನು ಎರಡು ಮಳೆಗಾಲ ಹಾಗೇ ಬಿಟ್ಟರೆ ಕ್ರೇನ್ ತರಿಸಿ ರೆಕ್ಕೆಯನ್ನೇ ಕೆಳಗಿಳಿಸುವ ಗತಿ ಬರುತ್ತದೆ. ಆದ್ದರಿಂದ ಮುಂದೆ ಬರೆದಿರುವುದನ್ನು ಸಲಹೆ ಎಂದು ಓದಬೇಡಿ, ಕಟ್ಟಳೆ ಎಂದು ಓದಿ.

ರೆಕ್ಕೆ ಲೋಹದ್ದಲ್ಲ ಎಂಬುದು ಮೊದಲು ತಲೆಯಲ್ಲಿರಲಿ. ಗಾಜಿನ ನೂಲಿನ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಎಪಾಕ್ಸಿ ಅಥವಾ ಪಾಲಿಯೆಸ್ಟರ್ ರಾಳ ಹೀರಿಸಿ ಗಟ್ಟಿ ಮಾಡಿದ ಎರಡು ಚಿಪ್ಪುಗಳು ಅದರ ಮೈ. ಪದರಗಳ ನಡುವೆ ಬಾಲ್ಸಾ ಮರ ಅಥವಾ ಫೋಮ್ ಇರುತ್ತದೆ, ಒಳಗೆ ಉದ್ದಕ್ಕೂ ಭಾರ ಹೊರುವ ತೊಲೆ ಇರುತ್ತದೆ. ಎರಡು ಚಿಪ್ಪನ್ನು ಅಂಟು ಹಾಕಿ ಕೂಡಿಸಿ ಮೇಲೆ ಬಣ್ಣದ ಲೇಪ ಕೊಡುತ್ತಾರೆ. ಉಡುಪಿ ಜಿಲ್ಲೆಯ ಪಡುಬಿದ್ರಿಯ ಕಾರ್ಖಾನೆಯಲ್ಲಿ ತಯಾರಾದ ರೆಕ್ಕೆಯಾಗಲಿ ಹೊರದೇಶದಿಂದ ಹಡಗಿನಲ್ಲಿ ಬಂದದ್ದಾಗಲಿ, ಸಾಮಾನ್ಯವಾಗಿ ರಚನೆ ಇದೇ. 20ರಿಂದ 25 ವರ್ಷ ಬಾಳಲೆಂದು ಮಾಡಿದ ವಸ್ತು ಅದು. ಆದರೆ ಆ ಆಯುಸ್ಸು ಮೇಲಿನ ತೆಳು ಲೇಪ ಒಡೆಯದೆ ಇರುವವರೆಗೆ ಮಾತ್ರ. ಲೇಪ ಒಡೆದು ನೂಲಿಗೆ ನೀರು ಮುಟ್ಟಿದ ದಿನದಿಂದ ಲೆಕ್ಕ ಬೇರೆಯೇ.

ವರ್ಷದ ವೇಳಾಪಟ್ಟಿ

ನಮ್ಮ ಕಡೆ ಗಾಳಿಯ ಸುಗ್ಗಿ ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ. ಅದಕ್ಕೂ ಮುಂಚೆ ಏಪ್ರಿಲ್ ಮಧ್ಯದಿಂದ ಬರುವ ಅಶ್ವಿನಿ, ಭರಣಿ, ಕೃತ್ತಿಕಾ ಮಳೆಗಳು ಗುಡುಗು ಸಿಡಿಲಿನವು. ಇದನ್ನು ನೋಡಿಕೊಂಡೇ ಕೆಲಸ ಹಾಕಿಕೊಳ್ಳಬೇಕು. ಅಕ್ಟೋಬರ್–ನವೆಂಬರ್‌ನಲ್ಲಿ ಪ್ರತಿ ಯಂತ್ರದ ಮೂರೂ ರೆಕ್ಕೆಗಳ ತಪಾಸಣೆ, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ರಿಪೇರಿ, ಮಾರ್ಚ್ ಮುಗಿಯುವುದರೊಳಗೆ ಸಿಡಿಲು ರಕ್ಷಣೆಯ ಪರೀಕ್ಷೆ.

ರಿಪೇರಿ ಬಜೆಟ್ಟನ್ನು ಏಪ್ರಿಲ್‌ನ ಹೊಸ ಆರ್ಥಿಕ ವರ್ಷಕ್ಕೆ ತಳ್ಳಬೇಡಿ. ಮಂಜೂರಾತಿ ಆಗಿ, ಗುತ್ತಿಗೆದಾರರು ಬಂದು, ಹಗ್ಗ ಕಟ್ಟುವ ಹೊತ್ತಿಗೆ ಗಾಳಿ ಎದ್ದಿರುತ್ತದೆ. ಗಾಳಿ ಎದ್ದ ಮೇಲೆ ಯಂತ್ರ ನಿಲ್ಲಿಸಲು ಮಾಲೀಕರಿಗೆ ಮನಸ್ಸು ಬಾರದು, ಹಗ್ಗದ ಮೇಲೆ ಮನುಷ್ಯ ಕೂರುವುದೂ ಆಗದು. ಆ ಗಾಯಕ್ಕೆ ಇನ್ನೊಂದು ಪೂರ್ತಿ ಮಳೆಗಾಲ ಗ್ಯಾರಂಟಿ.

ಮಳೆ

ಹನಿ ಮೃದು ಎಂಬುದು ನೆಲದ ಮೇಲೆ ನಿಂತವರ ಅನುಭವ. 88 ಮೀಟರ್ ವ್ಯಾಸದ ರೋಟರ್ ನಿಮಿಷಕ್ಕೆ 17 ಸುತ್ತು ತಿರುಗುವಾಗ ರೆಕ್ಕೆಯ ತುದಿ ಸೆಕೆಂಡಿಗೆ ಸುಮಾರು 78 ಮೀಟರ್, ಅಂದರೆ ಗಂಟೆಗೆ 280 ಕಿಲೋಮೀಟರ್ ವೇಗದಲ್ಲಿ ಹನಿಗೆ ಡಿಕ್ಕಿ ಹೊಡೆಯುತ್ತದೆ. ಆ ಹೊಡೆತದ ಕ್ಷಣದಲ್ಲಿ ಹನಿ ತಾಗಿದ ಚುಕ್ಕೆಯ ಮೇಲೆ ಬೀಳುವ ಒತ್ತಡ, ಸರಳ ಲೆಕ್ಕದಲ್ಲಿ, ವಾತಾವರಣದ ಒತ್ತಡದ ಸಾವಿರ ಪಟ್ಟು ಮೀರುತ್ತದೆ. ಹೊಡೆತ ಇರುವುದು ಸೆಕೆಂಡಿನ ಲಕ್ಷದಲ್ಲೊಂದು ಪಾಲಿಗಿಂತಲೂ ಕಡಿಮೆ ಹೊತ್ತು. ಆದರೆ ಅದೇ ಜಾಗಕ್ಕೆ ಮತ್ತೆ ಮತ್ತೆ, ವರ್ಷವರ್ಷವೂ ಬೀಳುತ್ತದೆ.

ಇದರ ಪೆಟ್ಟು ಮುಖ್ಯವಾಗಿ ಮುಂದಂಚಿಗೆ, ಸೈಟಿನಲ್ಲಿ ಲೀಡಿಂಗ್ ಎಡ್ಜ್ ಎನ್ನುವ ಭಾಗಕ್ಕೆ. ಅದರಲ್ಲೂ ತುದಿಯ ಕಡೆಯ ಮೂರನೇ ಒಂದು ಪಾಲಿಗೆ. ಮೊದಲು ಹೊಳಪು ಹೋಗುತ್ತದೆ. ಆಮೇಲೆ ಸೂಜಿ ಚುಚ್ಚಿದಂಥ ತೂತು ಏಳುತ್ತವೆ, ತೂತುಗಳು ಸೇರಿ ಗುಳಿಯಾಗುತ್ತವೆ, ಗುಳಿಯ ಅಂಚಿನ ಲೇಪ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಕೊನೆಗೆ ಗಾಜಿನ ನೂಲೇ ಹೊರಗೆ ಕಾಣುತ್ತದೆ. ಮೊದಲ ಎರಡು ಹಂತಕ್ಕೆ ಫಿಲ್ಲರ್, ಲೇಪ ಸಾಕು. ನೂಲು ಕಂಡ ಮೇಲೆ ಪದರವನ್ನೇ ಹೊಸದಾಗಿ ಕಟ್ಟಬೇಕು, ಖರ್ಚೂ ದಿನವೂ ಹಲವು ಪಟ್ಟು.

ವಿದ್ಯುತ್ತಿನ ನಷ್ಟವೂ ಸಣ್ಣದಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಗಾಳಿಸುರಂಗದ ಪ್ರಯೋಗದ ಪ್ರಕಾರ ಅಲ್ಪ ಸವೆತಕ್ಕೇ ವಾರ್ಷಿಕ ಉತ್ಪಾದನೆ ಶೇ. 5ರಷ್ಟು ಇಳಿಯಬಹುದು, ತೀರಾ ಕೆಟ್ಟ ಸವೆತಕ್ಕೆ ಶೇ. 25ರವರೆಗೂ ಹೋಗಬಹುದು. ಇದು ಪ್ರಯೋಗಾಲಯದ ಅಂದಾಜು. ಬಯಲಲ್ಲಿ ಸಾಮಾನ್ಯವಾಗಿ ಕಾಣುವುದು ಶೇ. 1ರಿಂದ 5ರ ನಷ್ಟ. ಶೇ. 3 ಎಂದೇ ಹಿಡಿದು ನಿಮ್ಮ ಯಂತ್ರದ ವರ್ಷದ ಯುನಿಟ್ಟಿಗೆ, ನಿಮಗೆ ಸಿಗುವ ದರಕ್ಕೆ ಗುಣಿಸಿ ನೋಡಿ. ರಿಪೇರಿಯ ಕೊಟೇಶನ್ ಆಮೇಲೆ ಅಷ್ಟು ದುಬಾರಿ ಎನಿಸದು. ಡೆನ್ಮಾರ್ಕಿನ ಸಮುದ್ರದಲ್ಲಿರುವ ಆನ್‌ಹೋಲ್ಟ್ ಗಾಳಿಯಂತ್ರ ಪಾರ್ಕ್ 2013ರಲ್ಲಿ 111 ಯಂತ್ರಗಳೊಂದಿಗೆ ಶುರುವಾಯಿತು. ಐದೇ ವರ್ಷಕ್ಕೆ, 2018ರ ಹೊತ್ತಿಗೆ, ಅಲ್ಲಿನ ಬಹುಪಾಲು ಯಂತ್ರಗಳ ರೆಕ್ಕೆಯ ಮುಂದಂಚನ್ನು ರಿಪೇರಿ ಮಾಡಬೇಕಾಯಿತು.

"ಬಯಲುಸೀಮೆಯಲ್ಲಿ ಮಳೆ ಎಲ್ಲಿದೆ ಸ್ವಾಮಿ" ಎಂಬ ಮಾತನ್ನು ಆಡಬೇಡಿ, ಕೇಳಲೂಬೇಡಿ. ವರ್ಷದ ಮಳೆ ಎಷ್ಟು ಎಂಬುದಷ್ಟೇ ಇಲ್ಲಿ ಲೆಕ್ಕವಲ್ಲ. ಮಳೆ ಬೀಳುವಾಗ ರೆಕ್ಕೆ ಎಷ್ಟು ವೇಗದಲ್ಲಿತ್ತು ಎಂಬುದೇ ದೊಡ್ಡ ಲೆಕ್ಕ. ವೇಗ ಸ್ವಲ್ಪ ಏರಿದರೂ ಸವೆತ ಬಹಳ ಪಟ್ಟು ಏರುತ್ತದೆ. ಆಷಾಢದಲ್ಲಿ ಜೋರುಗಾಳಿಯೊಂದಿಗೆ ಹಗಲಿರುಳೂ ಹಿಡಿಯುವ ಮಳೆಯಲ್ಲಿ ಯಂತ್ರ ಪೂರ್ಣ ವೇಗದಲ್ಲಿರುತ್ತದೆ. ಹೊಸ ಯಂತ್ರಗಳ ರೆಕ್ಕೆ ಇನ್ನೂ ಉದ್ದ, ತುದಿಯ ವೇಗವೂ ಹೆಚ್ಚು, ಅಪಾಯವೂ ಹೆಚ್ಚು. ಜೋರು ಮಳೆಯ ಕೆಲವೇ ಗಂಟೆ ರೋಟರಿನ ವೇಗ ತಗ್ಗಿಸಿದರೆ ರೆಕ್ಕೆಯ ಬಾಳಿಕೆ ಬಹಳ ಹೆಚ್ಚುತ್ತದೆ ಎಂದು ಡೆನ್ಮಾರ್ಕಿನ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ನಿಮ್ಮ ಯಂತ್ರದಲ್ಲಿ ಆ ಸೌಲಭ್ಯ ಇದೆಯೇ ಎಂದು ತಯಾರಕರನ್ನು ಕೇಳಿ. ಕಂಟ್ರೋಲರ್ ಸೆಟ್ಟಿಂಗನ್ನು ನೀವಾಗಿಯೇ ಬದಲಿಸಲು ಹೋಗಬೇಡಿ.

ಮುಂದಂಚಿಗೆ ರಕ್ಷಣೆಯ ಟೇಪ್ ಹಾಕಿದ್ದರೆ ಅದರ ಅಂಚು ಎದ್ದಿದೆಯೇ ಎಂದು ಪ್ರತಿ ತಪಾಸಣೆಯಲ್ಲೂ ನೋಡಿ. ಎದ್ದ ಟೇಪು ಬರಿ ಅಂಚಿಗಿಂತ ಹೆಚ್ಚು ಯುನಿಟ್ ತಿನ್ನುತ್ತದೆ, ಪಟಪಟ ಸದ್ದೂ ಮಾಡುತ್ತದೆ.

ರೆಕ್ಕೆಯೊಳಗಿನ ನೀರು

ಇದನ್ನು ಬೇರೆಯಾಗಿಯೇ ಬರೆಯುತ್ತಿದ್ದೇನೆ, ಏಕೆಂದರೆ ಇಷ್ಟು ಅಗ್ಗದಲ್ಲಿ ತಪ್ಪಿಸಬಹುದಾದ ಹಾನಿ ಇನ್ನೊಂದಿಲ್ಲ. ರೆಕ್ಕೆಯ ತುದಿಯ ಹತ್ತಿರ ನೀರು ಬಸಿಯಲು ಒಂದು ಸಣ್ಣ ತೂತು ಇದೆ. ಒಳಗಿನ ತೇವವೂ ಬಿರುಕಿನಿಂದ ನುಗ್ಗಿದ ನೀರೂ ಅಲ್ಲಿಂದಲೇ ಹೊರಹೋಗಬೇಕು. ದೂಳು, ಸತ್ತ ಹುಳ, ಒಳಗಿನಿಂದ ಕಿತ್ತು ಬಂದ ಅಂಟಿನ ಚೂರು ಸೇರಿ ಆ ತೂತು ಕಟ್ಟಿಕೊಳ್ಳುತ್ತದೆ. ನೀರು ತುದಿಯಲ್ಲಿ ನಿಲ್ಲುತ್ತದೆ. ಮೇಲೆ ಹೇಳಿದ 88 ಮೀಟರ್ ರೋಟರಿನಲ್ಲೇ ಲೆಕ್ಕ ಹಾಕಿ: ತುದಿಯಲ್ಲಿ ನಿಂತ ಒಂದು ಲೀಟರ್ ನೀರು ಯಂತ್ರ ಪೂರ್ಣ ವೇಗದಲ್ಲಿದ್ದಾಗ ಸುಮಾರು 14 ಕೆ.ಜಿ. ತೂಕದಷ್ಟು ಬಲದಿಂದ ಹೊರಕ್ಕೆ ಎಳೆಯುತ್ತದೆ. ಒಂದು ರೆಕ್ಕೆಯಲ್ಲಿ ಮಾತ್ರ ನೀರಿದ್ದರೆ ಸಮತೂಕ ತಪ್ಪಿ ಬೇರಿಂಗಿಗೆ, ಟವರಿಗೆ ಅದುರುವಿಕೆ ಹೋಗುತ್ತದೆ. ಅದಕ್ಕಿಂತ ಕೆಟ್ಟದ್ದು ಸಿಡಿಲು ಬಡಿದಾಗ. ಒಳಗಿನ ನೀರು ಒಮ್ಮೆಲೇ ಆವಿಯಾಗಿ ಸಾವಿರಕ್ಕೂ ಹೆಚ್ಚು ಪಟ್ಟು ಹಿಗ್ಗುತ್ತದೆ, ಎರಡು ಚಿಪ್ಪಿನ ಅಂಟು ಸೀಳಿಹೋಗುತ್ತದೆ.

ಪ್ರತಿ ಸರ್ವಿಸ್‌ನಲ್ಲೂ ರೆಕ್ಕೆಯನ್ನು ಕೆಳಮುಖ ನಿಲ್ಲಿಸಿ ಬಸಿತೂತು ತೆರೆದಿದೆಯೇ ಎಂದು ಖಚಿತ ಮಾಡಿಕೊಳ್ಳಿ. ಯಂತ್ರ ಮೆಲ್ಲಗೆ ಸುತ್ತುವಾಗ ಹಬ್ಬಿನ (ರೆಕ್ಕೆಗಳು ಕೂಡುವ ನಡುಭಾಗದ) ಹತ್ತಿರ ಕಿವಿಗೊಟ್ಟರೆ ಒಳಗೆ ಚೂರು ಉರುಳುವ ಅಥವಾ ನೀರು ತುಳುಕುವ ಸದ್ದು ಕೇಳುತ್ತದೆ. ಕೇಳಿದರೆ ಅಂದೇ ಬರೆದಿಡಿ, ಅಂದೇ ತಿಳಿಸಿ. ರಿಪೇರಿ ಮಾಡುವಾಗ ಫಿಲ್ಲರ್ ಅಥವಾ ಬಣ್ಣ ಬಳಿದು ಈ ತೂತನ್ನು ಮುಚ್ಚುವುದು ಕೂಡದು. ಹೊಸದಾಗಿ ಎಲ್ಲೆಂದರಲ್ಲಿ ಡ್ರಿಲ್ ಹಾಕಿ ತೂತು ಮಾಡುವುದೂ ಕೂಡದು. ಒಳಗೆ ಸಿಡಿಲಿನ ತಂತಿ ಹಾದುಹೋಗಿರುತ್ತದೆ.

ಸಿಡಿಲು

ರೆಕ್ಕೆಯ ತುದಿಯಲ್ಲಿ, ದೊಡ್ಡ ರೆಕ್ಕೆಗಳಲ್ಲಿ ನಡುನಡುವೆಯೂ, ಲೋಹದ ಗುಂಡಿಗಳಿರುತ್ತವೆ. ಇವು ರಿಸೆಪ್ಟರ್‌ಗಳು. ಸಿಡಿಲು ಇವಕ್ಕೆ ಬಡಿದು, ಒಳಗಿನ ತಂತಿಯ ಮೂಲಕ ಹಬ್, ನಾಸೆಲ್ (ಟವರಿನ ತಲೆಯ ಮೇಲಿನ ಯಂತ್ರದ ಪೆಟ್ಟಿಗೆ), ಟವರ್ ದಾಟಿ ಭೂಮಿಗೆ ಇಳಿಯಬೇಕು. ಗಾಳಿಯಂತ್ರದ ಸಿಡಿಲು ರಕ್ಷಣೆಯ ಅಂತರರಾಷ್ಟ್ರೀಯ ಮಾನದಂಡ ಐಇಸಿ 61400-24, ಅದರ ಮೇಲಿನ ಹಂತದಲ್ಲಿ, 2 ಲಕ್ಷ ಆಂಪಿಯರ್‌ವರೆಗಿನ ಹೊಡೆತ ತಾಳಬೇಕೆನ್ನುತ್ತದೆ. ದಾರಿ ಎಲ್ಲಾದರೂ ಒಂದು ಕಡೆ ತುಂಡಾಗಿದ್ದರೆ ಅಷ್ಟು ವಿದ್ಯುತ್ತು ಗಾಜುನೂಲಿನ ಮೈಯನ್ನೇ ಸೀಳಿಕೊಂಡು ಹೋಗುತ್ತದೆ.

ಮಾಡಬೇಕಾದ್ದು: ಮಾರ್ಚ್ ಮುಗಿಯುವುದರೊಳಗೆ ಪ್ರತಿ ರೆಕ್ಕೆಯ ತುದಿಯಿಂದ ಬುಡದವರೆಗೆ ತಂತಿಯ ರೋಧ ಅಳೆಯಿರಿ. ತಯಾರಕರು ಕೊಟ್ಟ ಮಿತಿಯೊಳಗಿದ್ದರೂ ಕಳೆದ ವರ್ಷದ ಅಂಕಿಯ ಪಕ್ಕದಲ್ಲಿಟ್ಟು ನೋಡಿ. ಒಮ್ಮೆಲೇ ಏರಿದ್ದರೆ ಒಳಗೆ ಎಲ್ಲೋ ಜೋಡಣೆ ಸಡಿಲಾಗಿದೆ ಎಂದೇ ತಿಳಿಯಿರಿ. ಹಬ್ ಮತ್ತು ಟವರಿನ ನಡುವಿನ ಕಾರ್ಬನ್ ಬ್ರಷ್ ಸವೆದಿದೆಯೇ, ಅಡಿಪಾಯದ ಅರ್ತಿಂಗ್ ಒಣನೆಲದಲ್ಲಿ ಬಿಟ್ಟುಕೊಂಡಿದೆಯೇ ಎಂಬುದನ್ನೂ ಬೇಸಿಗೆಯಲ್ಲೇ ನೋಡಬೇಕು. ಮಳೆಗಾಲದ ಹಸಿ ನೆಲದಲ್ಲಿ ಅರ್ತಿಂಗ್ ಅಳೆದು ಚೆನ್ನಾಗಿದೆ ಎಂದು ಬರೆದುಕೊಂಡರೆ ಏಪ್ರಿಲ್‌ನ ಮೊದಲ ಸಿಡಿಲಿಗೆ ಅದು ಸುಳ್ಳಾಗುತ್ತದೆ.

ಸಿಡಿಲು ಬಡಿದ ಗುಮಾನಿ ಬಂದರೆ ಯಂತ್ರವನ್ನು ನಿಲ್ಲಿಸಿ, ಮೋಡ ತಿಳಿಯಾದ ಮೇಲೆ ದೂರದರ್ಶಕದಿಂದಲೋ ಡ್ರೋನಿನಿಂದಲೋ ಮೂರೂ ರೆಕ್ಕೆ ನೋಡಿ. ರಿಸೆಪ್ಟರಿನ ಸುತ್ತ ಕಪ್ಪು ಕಲೆ, ತುದಿಯಲ್ಲಿ ಬಾಯಿಬಿಟ್ಟ ಅಂಟು, ಹಿಂದಂಚಿನ ಸೀಳು ಇವು ಗುರುತುಗಳು. ತಿರುಗುವಾಗ ಒಂದು ರೆಕ್ಕೆ ಕೆಳಗೆ ಬಂದಾಗಲೆಲ್ಲ ಸಿಳ್ಳೆಯಂಥ ಸದ್ದು ಕೇಳಿದರೆ ಆ ರೆಕ್ಕೆಗೆ ತೂತು ಬಿದ್ದಿದೆ ಎಂದೇ ಅರ್ಥ.

ಮಾಡಬಾರದ್ದು: ಅಲಾರಂ ರಿಸೆಟ್ ಆಯಿತು, ಯಂತ್ರ ತಿರುಗುತ್ತಿದೆ ಎಂದು ನೋಡದೆ ಬಿಡಬೇಡಿ. ಸಿಡಿಲು ಬಡಿದ ರೆಕ್ಕೆ ಆ ದಿನವೇ ಮುರಿಯಬೇಕೆಂದಿಲ್ಲ. ತುದಿಯಲ್ಲಿ ಬಿಟ್ಟ ಅಂಟು ಆಷಾಢದ ಗಾಳಿಗೆ ಗೇಣು ಗೇಣಾಗಿ ಬುಡದ ಕಡೆಗೆ ಬಿಡುತ್ತಾ ಹೋಗುತ್ತದೆ.

ಮನುಷ್ಯರ ವಿಷಯದಲ್ಲಿ ರಾಜಿ ಇಲ್ಲ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿಲೋಮೀಟರ್ ಒಳಗಿದೆ. ಟವರಿನಲ್ಲಿ ಯಾರೂ ಇರಕೂಡದು, ಟವರಿನ ಬುಡದಲ್ಲೂ ನಿಲ್ಲಕೂಡದು. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಮತ್ತೆ ಹತ್ತುವಂತಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ 'ಸಿಡಿಲು' ಆ್ಯಪ್, ಪುಣೆಯ ಹವಾಮಾನ ಸಂಸ್ಥೆಯ 'ದಾಮಿನಿ' ಆ್ಯಪ್ ಎರಡೂ ಪ್ರತಿ ಸೈಟ್ ಇನ್‌ಚಾರ್ಜ್ ಫೋನಿನಲ್ಲಿರಲಿ. ಆ್ಯಪ್ ಸುಮ್ಮನಿದೆ ಎಂದು ಕಣ್ಣೆದುರಿನ ಕರಿಮೋಡವನ್ನು ಕಡೆಗಣಿಸಬೇಡಿ.

ಬಿಸಿಲು, ದೂಳು, ಹುಳ

ಬಿಸಿಲಿನ ಹಾನಿ ನಿಧಾನ. ನೇರಳಾತೀತ ಕಿರಣ ಲೇಪದ ಮೇಲ್ಪದರವನ್ನು ಕೊರೆಯುತ್ತದೆ. ಕೈಯಿಂದ ಸವರಿದರೆ ಹಳೆ ಸುಣ್ಣದ ಗೋಡೆಯಂತೆ ಬಿಳಿ ಪುಡಿ ಅಂಟುತ್ತದೆ. ಹಗಲು ಕಾದು ರಾತ್ರಿ ತಣಿಯುವ ಹಿಗ್ಗು–ಕುಗ್ಗಿನಿಂದ ಕೂದಲೆಳೆಯ ಬಿರುಕುಗಳೂ ಏಳುತ್ತವೆ. ಇಂಥ ಲೇಪದ ಮೇಲೆ ಹನಿ ಬಿದ್ದರೆ ಸವೆತ ಬೇಗ. ಪುಡಿ ಬರುತ್ತಿದ್ದರೆ ಲೇಪ ಹೊಸದು ಮಾಡುವ ವರ್ಷ ಬಂದಿದೆ, ಮುಂದೂಡಬೇಡಿ.

ಕ್ರಷರ್, ಗಣಿ, ಎರೆಹೊಲದ ಪಕ್ಕದ ಯಂತ್ರಗಳಿಗೆ ದೂಳಿನ ಕಾಟ ಇದ್ದೇ ಇದೆ. ಹುಳದ ವಿಷಯ ಹೆಚ್ಚು ಜನಕ್ಕೆ ಗೊತ್ತಿಲ್ಲ. ಗಾಳಿ ಕಡಿಮೆ ಇದ್ದಾಗ ಹಾರುವ ಹುಳಗಳು ಮುಂದಂಚಿಗೆ ಬಡಿದು ಅಂಟಿಕೊಳ್ಳುತ್ತವೆ. ಆಗ ನಷ್ಟ ಕಾಣುವುದಿಲ್ಲ. ಜೋರುಗಾಳಿ ಬಂದಾಗ ಯಂತ್ರ ತನ್ನ ಪೂರ್ಣ ಸಾಮರ್ಥ್ಯ ಮುಟ್ಟುವುದಿಲ್ಲ. ಕ್ಯಾಲಿಫೋರ್ನಿಯಾದ ಯಂತ್ರಗಳಲ್ಲಿ ಹುಳ ಕೂತು ಉತ್ಪಾದನೆ ಅರ್ಧಕ್ಕೆ ಇಳಿದದ್ದು ಉಂಟೆಂದು 2001ರಲ್ಲಿ 'ನೇಚರ್' ಪತ್ರಿಕೆಯಲ್ಲಿ ವರದಿಯಾಗಿತ್ತು. ಪಿಚ್ (ರೆಕ್ಕೆಯ ಕೋನ) ತಿರುಗದ ಹಳೆ ಮಾದರಿಯ ಸಣ್ಣ ಯಂತ್ರ ಇಟ್ಟುಕೊಂಡವರು ಇದನ್ನು ವಿಶೇಷವಾಗಿ ಗಮನಿಸಬೇಕು. ತೊಳೆಯುವುದಾದರೆ ನೀರು, ಸೌಮ್ಯ ಸೋಪು, ಮೆತ್ತನೆ ಬ್ರಷ್ ಮಾತ್ರ. ತಂತಿ ಬ್ರಷ್, ಆ್ಯಸಿಡ್, ಡೀಸೆಲ್ ಮುಟ್ಟಿಸಬೇಡಿ.

ಆಷಾಢದ ಗಾಳಿ

ನಿಮಿಷಕ್ಕೆ 15 ಸುತ್ತಿನಂತೆ, ವರ್ಷದ ಮುಕ್ಕಾಲು ಪಾಲು ಹೊತ್ತು ತಿರುಗಿದರೆ 20 ವರ್ಷಕ್ಕೆ ಸುಮಾರು 12 ಕೋಟಿ ಸುತ್ತು. ಒಂದೊಂದು ಸುತ್ತಿನಲ್ಲೂ ರೆಕ್ಕೆ ತನ್ನದೇ ಭಾರಕ್ಕೆ ಒಮ್ಮೆ ಒಂದು ಕಡೆಗೆ, ಒಮ್ಮೆ ಇನ್ನೊಂದು ಕಡೆಗೆ ಬಾಗುತ್ತದೆ. ಬೀಸುಗಾಳಿಯ ಬಡಿತ ಅದರ ಮೇಲೆ ಬೇರೆ. ಈ ಆಯಾಸ ಮೊದಲು ಕಾಣಿಸುವುದು ಹಿಂದಂಚಿನ ಅಂಟಿನಲ್ಲಿ, ರೆಕ್ಕೆ ಅತಿ ಅಗಲವಾಗಿರುವ ಕಡೆ. ಅಲ್ಲಿನ ಬಿರುಕು ಉದ್ದಕ್ಕೆ ಓಡುತ್ತಿದೆಯೇ ಅಡ್ಡಕ್ಕೆ ಓಡುತ್ತಿದೆಯೇ ಎಂದು ಬರೆದಿಡಿ. ಅಡ್ಡ ಬಿರುಕು ಕಂಡರೆ ಯಂತ್ರ ನಿಲ್ಲಿಸಿ, ತಯಾರಕರ ಅಥವಾ ಪರಿಣತರ ಲಿಖಿತ ಒಪ್ಪಿಗೆ ಬರುವವರೆಗೆ ಓಡಿಸಬೇಡಿ. "ಈ ಸೀಸನ್ ಒಂದು ಮುಗಿಸೋಣ" ಎಂಬುದಕ್ಕೆ ಇಲ್ಲಿ ಅವಕಾಶ ಇಲ್ಲ.

ಪಿಚ್ ಬ್ಯಾಟರಿಗಳನ್ನು ಮೇ ತಿಂಗಳಲ್ಲಿ ಲೋಡ್ ಕೊಟ್ಟು ಪರೀಕ್ಷಿಸಿ. ಬಿರುಗಾಳಿಯ ನಡುವೆ ಗ್ರಿಡ್ ಹೋದರೆ ರೆಕ್ಕೆಯನ್ನು ಗಾಳಿಗೆ ಓರೆ ತಿರುಗಿಸಿ ಯಂತ್ರ ನಿಲ್ಲಿಸುವುದು ಆ ಬ್ಯಾಟರಿಯೇ, ಮತ್ತು ಬ್ಯಾಟರಿಯ ಜೀವ ತೆಗೆಯುವುದು ಅದಕ್ಕೂ ಮುಂಚಿನ ಏಪ್ರಿಲ್‌ನ ಸೆಕೆ. 1998ರ ಜೂನ್‌ನಲ್ಲಿ ಗುಜರಾತ್ ಕರಾವಳಿಗೆ ಅಪ್ಪಳಿಸಿದ ಚಂಡಮಾರುತದಲ್ಲಿ ಅಲ್ಲಿನ ಲಾಂಬಾ ಎಂಬ ಊರಿನ ನೂರಕ್ಕೂ ಹೆಚ್ಚು ಗಾಳಿಯಂತ್ರಗಳು ಹಾನಿಗೊಂಡವು. ನಮ್ಮ ಒಳನಾಡಿಗೆ ಅಂಥ ಚಂಡಮಾರುತ ಬಾರದಿದ್ದರೂ ಮುಂಗಾರಿಗೆ ಮುಂಚಿನ ಸುಂಟರಗಾಳಿ ಬಂದೇ ಬರುತ್ತದೆ.

ತಟ್ಟಿ ನೋಡುವುದು, ರಿಪೇರಿ

ಡ್ರೋನಿನ ಚಿತ್ರ ಮೇಲ್ಮೈ ತೋರಿಸುತ್ತದೆ, ಪದರಗಳ ನಡುವೆ ಏನಾಗಿದೆ ಎಂದು ತೋರಿಸದು. ಹಗ್ಗದ ಮೇಲೆ ಹೋದವರು ನಾಣ್ಯದಿಂದಲೋ ಸಣ್ಣ ಸುತ್ತಿಗೆಯಿಂದಲೋ ಗಾಯದ ಸುತ್ತ ತಟ್ಟಿ ನೋಡಲೇಬೇಕು. ಗಟ್ಟಿ ಇದ್ದಲ್ಲಿ ಟಣ್ ಎಂದು ಬಿಗಿ ಸದ್ದು ಬರುತ್ತದೆ. ಪದರ ಬಿಟ್ಟಲ್ಲಿ ಡಬ್ ಎಂದು ಪೊಳ್ಳು ಸದ್ದು. ಸದ್ದು ಬದಲಾಗುವ ಗೆರೆಯನ್ನು ಮಾರ್ಕರ್‌ನಿಂದ ಸುತ್ತ ಬರೆದರೆ ನಿಜವಾದ ಗಾಯದ ಅಳತೆ ಸಿಗುತ್ತದೆ. ಕಣ್ಣಿಗೆ ಕಂಡದ್ದಕ್ಕಿಂತ ಅದು ದೊಡ್ಡದಿರುವುದೇ ಹೆಚ್ಚು. ಮುಂದಿನ ವರ್ಷ ಅದೇ ಗೆರೆ ದಾಟಿದೆಯೇ ಎಂದೂ ತಿಳಿಯುತ್ತದೆ.

ಡಿಸೆಂಬರ್, ಜನವರಿಯ ಬೆಳಗ್ಗೆ ರೆಕ್ಕೆಯ ಮೇಲೆ ಇಬ್ಬನಿ ಕೂತಿರುತ್ತದೆ. ಬಟ್ಟೆಯಿಂದ ಒರೆಸಿ ಕೂಡಲೇ ರಾಳ ಬಳಿಯಬೇಡಿ. ರೆಕ್ಕೆಯ ಮೈಯ ಉಷ್ಣತೆ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಮೇಲಿರಬೇಕು. ಮೀಟರಿನಲ್ಲಿ ಅಳೆದು, ಗಂಟೆ ಸಹಿತ ಬರೆದು, ಆಮೇಲೆ ಡಬ್ಬ ತೆರೆಯಿರಿ. ರಾಳ ಮತ್ತು ಹಾರ್ಡನರ್ ತಕ್ಕಡಿಯಲ್ಲಿ ತೂಗಿ ಬೆರೆಸಬೇಕು, ಕಣ್ಣಂದಾಜು ಬೇಡ. ಬೇಗ ಗಟ್ಟಿಯಾಗಲಿ ಎಂದು ಹಾರ್ಡನರ್ ಹೆಚ್ಚು ಹಾಕಿದ ಪ್ಯಾಚು ಮೊದಲ ಮಳೆಗಾಲದಲ್ಲೇ ಕಿತ್ತು ಬರುತ್ತದೆ. ಒಳಗಿನ ಬಾಲ್ಸಾ ಮರ ಒದ್ದೆಯಾಗಿದ್ದರೆ ಅದನ್ನು ತೆಗೆದು ಹೊಸದು ಹಾಕಿ. ಒದ್ದೆಯ ಮೇಲೆ ಪದರ ಮುಚ್ಚುವುದು, ಬಿರುಕಿನ ಮೇಲೆ ಬರಿ ಬಣ್ಣ ಬಳಿಯುವುದು ಮೋಸದ ಕೆಲಸ, ಬಿಲ್ ಪಾಸು ಮಾಡಬೇಡಿ.

ರೋಟರ್ ಲಾಕ್ ಬೀಳದೆ ಹಗ್ಗ ಇಳಿಬಿಡುವಂತಿಲ್ಲ. ಗಾಜುನೂಲು ಉಜ್ಜುವಾಗ ಮಾಸ್ಕ್, ಕನ್ನಡಕ, ಕೈಗವಸು ಕಡ್ಡಾಯ. ಕರವಸ್ತ್ರ ಕಟ್ಟಿಕೊಂಡರೆ ಸಾಲದು.

ಪ್ರತಿ ಗಾಯಕ್ಕೂ ದಿನಾಂಕ, ರೆಕ್ಕೆಯ ಸಂಖ್ಯೆ, ಬುಡದಿಂದ ಎಷ್ಟು ಮೀಟರ್, ಯಾವ ಮಗ್ಗುಲು, ಅಳತೆಪಟ್ಟಿ ಇಟ್ಟು ತೆಗೆದ ಫೋಟೊ ಇರಲಿ. ವಾರಂಟಿ ಕೇಳುವಾಗಲೂ ಸಿಡಿಲಿಗೆ ವಿಮೆ ಕೇಳುವಾಗಲೂ ನಿಲ್ಲುವುದು ಈ ಕಾಗದವೇ.

ಹೊಲದವರಿಗೆ, ಕುರಿ ಮೇಯಿಸುವವರಿಗೆ

ನೀವು ದಿನವೂ ಈ ಯಂತ್ರದ ಸದ್ದು ಕೇಳುತ್ತೀರಿ. ಸದ್ದು ಬದಲಾದರೆ ಮೊದಲು ಗೊತ್ತಾಗುವುದು ನಿಮಗೇ. ಸಿಳ್ಳೆ, ಪಟಪಟ ಬಡಿತ, ಒಂದೇ ರೆಕ್ಕೆಯ ಸರತಿಗೆ ಬರುವ ಹೊಸ ಸದ್ದು ಕೇಳಿದರೆ ಸೈಟಿನವರಿಗೆ ಫೋನ್ ಮಾಡಿ. ಸೈಟಿನವರು ಆ ಮಾತನ್ನು ತಳ್ಳಿಹಾಕದೆ ಅಂದೇ ಬಂದು ನೋಡಬೇಕು. ಪ್ರತಿ ಟವರಿನ ಬಾಗಿಲ ಮೇಲೆ ಫೋನ್ ನಂಬರನ್ನು ಕನ್ನಡದಲ್ಲಿ, ದೂರದಿಂದ ಕಾಣುವಂತೆ ಬರೆಸುವುದು ಮಾಲೀಕರ ಹೊಣೆ.

ಗುಡುಗು ಕೇಳಿದೊಡನೆ ಟವರಿನ ನೆರಳು ಬಿಟ್ಟು ದೂರ ಹೋಗಿ. ದನ, ಕುರಿಗಳನ್ನು ಟವರಿಗಾಗಲಿ ಅದರ ಬೇಲಿಗಾಗಲಿ ಕಟ್ಟಬೇಡಿ. ರೆಕ್ಕೆಯ ಚೂರು ಹೊಲದಲ್ಲಿ ಬಿದ್ದಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ, ಗಾಜಿನ ನೂಲು ಚರ್ಮಕ್ಕೆ ಚುಚ್ಚಿ ಉಳಿಯುತ್ತದೆ. ಅದನ್ನು ಮನೆಯ ಮಾಡಿಗೆ ಹೊದಿಸಲು ಒಯ್ಯಬೇಡಿ, ಬೆಂಕಿಗೆ ಹಾಕಬೇಡಿ, ಹೊಗೆ ವಿಷ. ಚೂರು ಬಿದ್ದ ಜಾಗಕ್ಕೆ ಕಲ್ಲು ಗುರುತಿಟ್ಟು ತಿಳಿಸಿ, ಬಂದು ಎತ್ತಿಕೊಂಡು ಹೋಗಬೇಕಾದವರು ಯಂತ್ರದವರು. ಮೇಲಿಂದ ಚೂರು ಬಿದ್ದ ಯಂತ್ರವನ್ನು ಮೂರೂ ರೆಕ್ಕೆ ತಪಾಸಣೆ ಆಗುವವರೆಗೆ ಯಾರೂ ಮತ್ತೆ ಚಾಲೂ ಮಾಡಕೂಡದು.